ನಿಂತಲ್ಲೇ ನೂರೈವತ್ತು

ಕಾರನ್ನು ಒಂದಂಗುಲವೂ ಮುಂದಕ್ಕೆ ಬಿಡದೆ ಗಂಟೆಗೆ ನೂರೈವತ್ತು ಕಿಲೋಮೀಟರ್ ಓಡಿಸಿ, ಅದಕ್ಕೆ ಸಾವಿರಾರು ರೂಪಾಯಿ ಬಿಲ್ ಹರಿಯುವ ಜಾಗಗಳು ಬೆಂಗಳೂರಿನಲ್ಲಿವೆ. ಈ ಊರಿನ ಟ್ರಾಫಿಕ್ಕು ನಿಂತಲ್ಲೇ ಪೆಟ್ರೋಲ್ ಸುಡುವ ವಿದ್ಯೆಯನ್ನು ನಮಗೆಲ್ಲ ಪುಕ್ಕಟೆಯಾಗಿ ಕಲಿಸಿದೆ. ಅದನ್ನೇ ದುಡ್ಡು ಕೊಟ್ಟು ಮಾಡಿಸಿಕೊಳ್ಳುವವರೂ ಇದ್ದಾರೆ ಎಂದು ನನಗೆ ತಿಳಿದದ್ದು ನಮ್ಮ ಅಣ್ಣನ ಮಗನಿಂದ.

ಹುಡುಗ ಸಾಫ್ಟ್‌ವೇರಿನವನು. ಅವನದೊಂದು ಒಂದು ಲೀಟರ್ ಟರ್ಬೊ ಕಾರು. 110 ಎಚ್‌ಪಿ ಎಂದು ಕಂಪನಿಯವರು ಬರೆದುಕೊಟ್ಟಿದ್ದರು. ಅವನಿಗೆ ಸಾಲಲಿಲ್ಲ. ಮೊದಲು ಏರ್ ಫಿಲ್ಟರ್ ಬದಲಾಯಿತು, ಆಮೇಲೆ ಸೈಲೆನ್ಸರ್ ಬದಲಾಯಿತು, ಕೊನೆಗೆ ಕಾರಿನ ಕಂಪ್ಯೂಟರಿನ ಬುದ್ಧಿಯೇ ಬದಲಾಯಿತು. ಇದಕ್ಕೆ ರೀಮ್ಯಾಪ್ ಎನ್ನುತ್ತಾರೆ. ಮಾಡಿಕೊಟ್ಟವರು ಈಗ 140 ಎಚ್‌ಪಿ ಇದೆ ಎಂದರಂತೆ. ಬಾಯಿಮಾತಿಗೆ ಸಾಕ್ಷಿ ಬೇಕಲ್ಲ? ಸಾಕ್ಷಿ ಹೇಳುವ ಯಂತ್ರವೇ ಡೈನಮೋಮೀಟರ್. ಹುಡುಗರ ಬಾಯಲ್ಲಿ ಡೈನೋ.

ಕಾರನ್ನು ಡೈನೋಗೆ ಒಯ್ದ ಶನಿವಾರ ತಿಪಟೂರಿನಿಂದ ಅಣ್ಣ ಬಂದಿದ್ದ. ಅವನಿಗೆ ಎಚ್‌ಪಿ ಎಂದರೆ ತೋಟದ ಪಂಪ್‌ಸೆಟ್ಟು. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರ ಕರೆಂಟು ಪುಕ್ಕಟೆ ಕೊಡುತ್ತದೆ. ಅದರಾಚೆಯ ಎಚ್‌ಪಿ ಅವನ ಲೆಕ್ಕದಲ್ಲಿ ಶುದ್ಧ ದುಂದುವೆಚ್ಚ.

“ನೂರನಲವತ್ತು ಅಂದ್ರೆ ಐದು ಎಚ್‌ಪಿ ಮೋಟ್ರು ಇಪ್ಪತ್ತೆಂಟು ಕಣೋ! ಇಷ್ಟನ್ನೂ ಕಟ್ಕಂಡು ಆಫೀಸಿಗೆ ಹೋಗ್ತೀಯಾ?”

“ಇಲ್ಲಪ್ಪ, ಆಫೀಸಿಗೆ ಮೆಟ್ರೋದಲ್ಲಿ ಹೋಗ್ತೀನಿ.”

ಎಚ್‌ಪಿ ಎಂಬ ಅಳತೆಯನ್ನು ತಂದವನು ಜೇಮ್ಸ್ ವಾಟ್. ತನ್ನ ಉಗಿಯಂತ್ರ ಮಾರಬೇಕಾದರೆ, ಇದು ಎಷ್ಟು ಕುದುರೆಗಳ ಕೆಲಸ ಮಾಡುತ್ತದೆ ಎಂದು ಗಿರಾಕಿಗೆ ಹೇಳಬೇಕಿತ್ತು. ಅವನ ಒಂದು ಕುದುರೆ ಈಗಿನ ಲೆಕ್ಕದಲ್ಲಿ 746 ವ್ಯಾಟ್. ಹಾಗೆ ಹೇಳಿದ್ದನ್ನು ಪರೀಕ್ಷಿಸುವ ಉಪಾಯವನ್ನು 1821ರಲ್ಲಿ ಫ್ರಾನ್ಸಿನ ಪ್ರೋನಿ ಎಂಬ ಎಂಜಿನಿಯರ್ ಕಂಡುಹಿಡಿದ. ತಿರುಗುವ ದಂಡವನ್ನು ಮರದ ತುಂಡುಗಳಿಂದ ಬಿಗಿಹಿಡಿದು, ಪಕ್ಕಕ್ಕೊಂದು ಸನ್ನೆಗೋಲು ಕಟ್ಟಿ, ಅದಕ್ಕೆ ತೂಕ ತೂಗುಹಾಕಿದ. ಇನ್ನೂರು ವರ್ಷ ಕಳೆದರೂ ತತ್ವ ಹೆಚ್ಚೇನೂ ಬದಲಾಗಿಲ್ಲ: ಎಂಜಿನ್ನಿಗೆ ಪೂರ್ತಿ ದುಡಿ ಎನ್ನುವುದು, ಎದುರಿನಿಂದ ತಡೆಯುವುದು, ಎಷ್ಟು ಒದ್ದಾಡುತ್ತದೆ ಎಂದು ಬರೆದುಕೊಳ್ಳುವುದು.

ಗ್ಯಾರೇಜಿನಲ್ಲಿ ಮೊದಲು ಒಂದು ಕಾಗದ ಬಂತು. ಎಂಜಿನ್, ಗೇರ್‌ಬಾಕ್ಸ್, ಟೈರು ಯಾವುದಕ್ಕೇ ಏನಾದರೂ ತಾವು ಜವಾಬ್ದಾರರಲ್ಲ ಎಂದು ಅದರಲ್ಲಿತ್ತು. “ಹಂಗಾದ್ರೆ ಯಾರು ಜವಾಬ್ದಾರ್ರು?” ಎಂದು ಅಣ್ಣ ಕೇಳಿದ. ಹುಡುಗ ಪೆನ್ನು ತೆಗೆದು ಸಹಿ ಹಾಕಿದ. ಅಣ್ಣನಿಗೆ ಉತ್ತರ ಸಿಕ್ಕಿತು.

ಕಾರಿನ ಮುಂದಿನ ಚಕ್ರಗಳನ್ನು ನೆಲದಲ್ಲಿ ಹುದುಗಿಸಿದ್ದ ಉರುಳೆಗಳ ಮೇಲೆ ಕೂರಿಸಿ, ಹಿಂದೆ ಮುಂದೆ ಅಗಲವಾದ ಬೆಲ್ಟುಗಳಿಂದ ನೆಲದ ಕೊಂಡಿಗಳಿಗೆ ಬಿಗಿದರು. ಇಡೀ ಪರೀಕ್ಷೆಯಲ್ಲಿ ಕಾರಿಗೂ ಎದುರಿನ ಗೋಡೆಗೂ ನಡುವೆ ಇರುವುದು ಆ ಬೆಲ್ಟುಗಳು ಮಾತ್ರ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಆದರೆ ಚಕ್ರ ಉರುಳೆಯ ಅಂಚಿಗೆ ಸರಿಯುತ್ತದೆ. ನಮ್ಮಣ್ಣ ಎಲ್ಲ ಚೆನ್ನಾಗಿ ಕಾಣಲೆಂದು ಕಾರಿನ ಮೂತಿಗೆ ಎದುರಾಗಿ, ದೊಡ್ಡ ಪಂಖದ ಪಕ್ಕ, ಕೈಕಟ್ಟಿ ನಿಂತ.

“ಯಜಮಾನ್ರೆ, ಅಲ್ಲಿ ಬೇಡ. ಬೆಲ್ಟ್ ಕಿತ್ರೆ ಗಾಡಿ ಬರೋದು ಅಲ್ಲಿಗೇ.”

ಅಣ್ಣ ಹಿಂದಕ್ಕೆ ಹೋದ. ಅಲ್ಲೂ ಬೇಡವೆಂದರು. ಟೈರಿನ ಸಂದಿಯಲ್ಲಿ ಸಿಕ್ಕಿಕೊಂಡ ಜಲ್ಲಿಕಲ್ಲು ಆ ವೇಗದಲ್ಲಿ ಹಾರಿದರೆ ಗುಂಡೇಟು. ಹಳೇ ಟೈರಾದರೆ ಉರುಳೆಯ ಮೇಲೆ ಕಾದು ಸಿಡಿಯುವುದೂ ಉಂಟು. ಸೈಲೆನ್ಸರಿನ ಬಾಯಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಯನ್ನು ಕೊಳವೆಯಿಂದ ಹೊರಗೆ ಎಳೆಯದಿದ್ದರೆ, ಮುಚ್ಚಿದ ಕೋಣೆಯಲ್ಲಿ ನಿಂತವರಿಗೆ ಮೊದಲು ತಲೆನೋವು, ಆಮೇಲೆ ನಿದ್ದೆ. ಕೊನೆಗೆ ಅಣ್ಣನಿಗೆ ಸಿಕ್ಕಿದ ಸುರಕ್ಷಿತ ಜಾಗ ಬಿಲ್ ಬರೆಯುವ ಮೇಜಿನ ಪಕ್ಕ. ಅಲ್ಲಿಯ ಅಪಾಯ ಬೇರೆ ಬಗೆಯದು.

ಎಂಜಿನ್ ಶುರುವಾಯಿತು. ನಾಲ್ಕನೇ ಗೇರು, ಕಾಲು ಪೂರ್ತಿ ಕೆಳಗೆ. ಇದಕ್ಕೆ ‘ಪುಲ್’ ಎನ್ನುತ್ತಾರೆ. ಆ ಸದ್ದಿಗೆ ಗೋಡೆಯ ಮೇಲಿನ ಸ್ಪ್ಯಾನರುಗಳೆಲ್ಲ ಕಿಣಿಕಿಣಿ ಎಂದವು. ಮುಂದಿನ ಚಕ್ರ ನೂರೈವತ್ತರಲ್ಲಿ, ಹಿಂದಿನದು ಸೊನ್ನೆಯಲ್ಲಿ. ಇದನ್ನು ಕಂಡ ಕಾರಿನ ಕಂಪ್ಯೂಟರಿಗೆ ಗಾಬರಿ. ಗಾಡಿ ಜಾರುತ್ತಿದೆ ಎಂದುಕೊಂಡು ಶಕ್ತಿಯನ್ನೇ ಕಡಿತ ಮಾಡಿತು. ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಿ, ಅದನ್ನು ಸಮಾಧಾನಪಡಿಸಿ, ಮತ್ತೆ ಶುರುಮಾಡಿದರು.

ಪರದೆಯ ಮೇಲೆ ಗೆರೆ ಏರಿತು, ಬಾಗಿತು, ನಿಂತಿತು. 112.

ಯಾರೂ ಮಾತಾಡಲಿಲ್ಲ. ಲೆಕ್ಕ ಮೊದಲು ಮುಗಿದದ್ದು ಅಣ್ಣನದು: “ಐದೂವರೆ ಪಂಪ್‌ಸೆಟ್ಟು ದಾರೀಲಿ ಎಲ್ಲೋ ಬಿದ್ದೋಗವೆ.”

ಟ್ಯೂನರ್ ಹುಡುಗ ಬಿದ್ದುಹೋದವನ್ನು ಒಂದೊಂದಾಗಿ ಹುಡುಕಿಕೊಡತೊಡಗಿದ. ಕಂಪನಿ ಹೇಳುವುದು ಎಂಜಿನ್ನಿನ ಶಕ್ತಿ, ಡೈನೋ ಅಳೆಯುವುದು ಚಕ್ರದ ಶಕ್ತಿ. ಗೇರ್‌ಬಾಕ್ಸು, ಆಕ್ಸಲ್ಲು, ಟೈರು ನಡುವೆ ನೂರಕ್ಕೆ ಹದಿನೈದರಷ್ಟು ತಿನ್ನುತ್ತವೆ. ಅಲ್ಲಿಗೆ 130 ದಾಟಿತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಗಾಳಿಯ ಒತ್ತಡ ಹತ್ತನೇ ಒಂದು ಭಾಗ ಕಡಿಮೆ. ಅದಕ್ಕೊಂದು ತಿದ್ದುಪಡಿ ಹಾಕಿದರೆ ಮಂಗಳೂರಿನ ಅಂಕ ಬರುತ್ತದೆ ಎಂದು ಒಂದು ಗುಂಡಿ ಒತ್ತಿದ. 140! ತೆಳುಗಾಳಿಯ ಕೊರತೆಯನ್ನು ಟರ್ಬೊ ತಾನೇ ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ; ಅಂಥ ಎಂಜಿನ್ನಿಗೆ ಈ ತಿದ್ದುಪಡಿಯನ್ನು ಪೂರ್ತಿಯಾಗಿ ಕೊಡುವುದೆಂದರೆ ಗ್ರೇಸ್ ಮಾರ್ಕ್ಸ್ ಕೊಟ್ಟು ರ‍್ಯಾಂಕ್ ಬರಿಸುವ ಕೆಲಸ. ಅಂತೂ ಎಂಜಿನ್ ಆಫ್ ಆಗಿದ್ದಾಗಲೇ ಇಪ್ಪತ್ತೆಂಟು ಕುದುರೆ ಮರಿ ಹಾಕಿದವು.

ನಮ್ಮ ಹುಡುಗನಿಗೆ ಮರಿಗಳು ಬೇಕಿರಲಿಲ್ಲ. ಅವನು ಆಡಿದ್ದು ಡೈನೋ ಮೇಲೆ ಆಡಬಹುದಾದ ಅತ್ಯಂತ ಅಪಾಯದ ಮಾತು: “ಇನ್ನೊಂದು ಪುಲ್ ತೆಗೀರಿ.”

ರಸ್ತೆಯಲ್ಲಿ ನೂರೈವತ್ತರಲ್ಲಿ ಹೋದರೆ ನೂರೈವತ್ತರ ಗಾಳಿ ರೇಡಿಯೇಟರಿಗೆ ಬಡಿಯುತ್ತದೆ. ಇಲ್ಲಿ ಬಡಿಯುವುದು ಪಂಖದ ಗಾಳಿ ಮಾತ್ರ. ಕಾರು ನಿಂತಿದೆ ಎಂದು ನಮಗೆ ಗೊತ್ತು, ಎಂಜಿನ್ನಿಗೆ ಗೊತ್ತಿಲ್ಲ. ಒಳಗೆ ಉರಿಯುವ ಅನಿಲದ ಬಿಸಿ 2000 ಡಿಗ್ರಿ ದಾಟುತ್ತದೆ; ಪಿಸ್ಟನ್ನಿನ ಅಲ್ಯೂಮಿನಿಯಂ 660ಕ್ಕೇ ಕರಗುವ ಲೋಹ. ಅದು ಕರಗದೆ ಉಳಿದಿರುವುದು ನೀರು, ಎಣ್ಣೆ, ಗಾಳಿ ಇವುಗಳ ದಯೆಯಿಂದ. ರೀಮ್ಯಾಪಿನಲ್ಲಿ ಪೆಟ್ರೋಲ್ ಕಡಿಮೆಯಾಗಿ ಗಾಳಿ ಹೆಚ್ಚಾದರೆ, ಅಥವಾ ಹೆಚ್ಚು ಆಕ್ಟೇನಿನ ಪೆಟ್ರೋಲಿಗೆಂದು ಬರೆದ ಮ್ಯಾಪಿಗೆ ಸಾದಾ ಪೆಟ್ರೋಲ್ ಕುಡಿಸಿದರೆ, ಕಿಡಿ ಹಚ್ಚಿದ ಬೆಂಕಿ ತನ್ನ ಬಳಿ ಬರುವವರೆಗೂ ಕಾಯದೆ ಉಳಿದ ಮಿಶ್ರಣ ತಾನೇ ಸಿಡಿಯುತ್ತದೆ. ಅದೇ ನಾಕಿಂಗ್. ಪಿಸ್ಟನ್ನಿಗೆ ತೂತು ಬೀಳುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ.

ಎರಡನೇ ಪುಲ್‌ಗೆ 107 ಬಂತು. ಬಿಸಿಗೆ ಹೆದರಿದ ಕಂಪ್ಯೂಟರು ತಾನೇ ಕೈಹಿಡಿತ ಮಾಡಿತ್ತು. ಸ್ವಲ್ಪ ಆರಲಿ ಎಂದು ಟ್ಯೂನರ್ ಹೇಳಿದರೂ ಹುಡುಗ ಕೇಳಲಿಲ್ಲ. ಮೂರನೆಯದಕ್ಕೆ ಎಂಜಿನ್ನಿನ ಮುಳ್ಳು ಜಿಗಿಯಿತು, ಉರುಳೆ ಅಷ್ಟು ಜಿಗಿಯಲಿಲ್ಲ. ಪರದೆಯ ಮೇಲೆ ನಮ್ಮ ಕಣ್ಣು; ಬಿಲ್ ಮೇಜಿನ ಪಕ್ಕದಿಂದ ಅಣ್ಣ ಮೂಗರಳಿಸಿದ.

“ನಿಲ್ಸ್ರೋ! ವೈಂಡಿಂಗ್ ಸುಡ್ತಾ ಐತೆ!”

ವೈಂಡಿಂಗ್ ಅಲ್ಲ, ಕ್ಲಚ್ಚು. ಕಂಪನಿ ಕೊಟ್ಟ ಕ್ಲಚ್ಚು ಕಂಪನಿ ಕೊಟ್ಟ ಶಕ್ತಿಗೆ ಅಂದಾಜಾದದ್ದು; ಹೊಸ ಕುದುರೆಗಳ ವಿಚಾರ ಅದಕ್ಕೆ ಯಾರೂ ತಿಳಿಸಿರಲಿಲ್ಲ. ವರ್ಷಗಟ್ಟಲೆ ಸುಟ್ಟ ಮೋಟ್ರುಗಳನ್ನು ರಿವೈಂಡಿಂಗ್‌ಗೆ ಹೊತ್ತ ಮೂಗು ಗ್ರಾಫಿಗಿಂತ ಮೊದಲು ತೀರ್ಪು ಕೊಟ್ಟಿತ್ತು. ಆಪರೇಟರು ಥಟ್ಟನೆ ಬ್ರೇಕು ಒತ್ತದೆ, ಉರುಳೆ ತಾನಾಗಿ ನಿಧಾನಿಸುವವರೆಗೆ ಕಾದ. ಭಾರದ ಉರುಳೆ ಭರದಲ್ಲಿದ್ದಾಗ ಚಕ್ರವನ್ನು ಹಿಡಿದು ನಿಲ್ಲಿಸಿದರೆ ಕಾರು ಎಗರಿಬೀಳುತ್ತದೆ. ಅಂದು ಆ ಕೋಣೆಯಲ್ಲಿ ತಾಳ್ಮೆಯಿದ್ದವನು ಅವನೊಬ್ಬನೇ.

ಹೊಸ ಕ್ಲಚ್ಚಿನ ಬೆಲೆ ಕೇಳಿದ ಅಣ್ಣ, ಅದರಲ್ಲಿ ನಮ್ಮ ಕಡೆ ಒಂದು ಹೊಸ ಮೋಟ್ರೇ ಬರುತ್ತದೆ, ಅದಕ್ಕೆ ಕರೆಂಟೂ ಪುಕ್ಕಟೆ ಎಂದ.

ಇಷ್ಟಾಗಿಯೂ ಡೈನೋದ ಮೇಲೆ ನನಗೆ ಸಿಟ್ಟಿಲ್ಲ. ಅದೇ ಶಕ್ತಿಯನ್ನು ನೈಸ್ ರಸ್ತೆಯಲ್ಲಿ ಪರೀಕ್ಷಿಸುವ ವೀರರಿಗಿಂತ ಉರುಳೆಯ ಮೇಲೆ ಕ್ಲಚ್ಚು ಸುಟ್ಟುಕೊಳ್ಳುವವನು ಸಮಾಜಕ್ಕೆ ಎಷ್ಟೋ ವಾಸಿ. ಆದ್ದರಿಂದ ಕಾರಿನ ಶೋಕಿಯಿರುವ ಮಕ್ಕಳು ಮನೆಯಲ್ಲಿದ್ದರೆ ಇಷ್ಟು ಹೇಳಿ: ಮಾಡಿಫೈ ಮಾಡಿಸುವ ಮೊದಲೇ ಒಮ್ಮೆ ಅಳೆಸಿ, ಆಮೇಲೆ ಅದೇ ಯಂತ್ರದಲ್ಲಿ ಅದೇ ತಿದ್ದುಪಡಿಯಲ್ಲಿ ಇನ್ನೊಮ್ಮೆ ಅಳೆಸಲಿ, ಎರಡರ ವ್ಯತ್ಯಾಸವಷ್ಟೇ ನಿಜ, ಉಳಿದ ಅಂಕಿಯೆಲ್ಲ ಜಂಬ. ಟೈರು, ಎಣ್ಣೆ, ಕೂಲೆಂಟ್ ನೋಡಿಕೊಳ್ಳಲಿ, ಪುಲ್‌ಗಳ ನಡುವೆ ಗಾಡಿಯನ್ನು ಆರಲು ಬಿಡಲಿ. ಕಾನೂನನ್ನೂ ಓದಿಕೊಳ್ಳಲಿ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಬದಲಾವಣೆಗಳಿಗೆ ಅಡ್ಡ ನಿಂತಿದೆ. 2019ರ ತಿದ್ದುಪಡಿಯ ಪ್ರಕಾರ ಅಕ್ರಮ ಬದಲಾವಣೆ ಒಂದೊಂದಕ್ಕೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಇದಕ್ಕೆ ಮಾತ್ರ ಯಾವ ಗ್ಯಾರೇಜಿನಲ್ಲೂ ತಿದ್ದುಪಡಿಯ ಗುಂಡಿಯಿಲ್ಲ.