ಅತ್ತೆಯೊಂದಿಗೆ ಬ್ಯಾಂಕಾಕು

ಮಧ್ಯವಯಸ್ಸಿನ ಗಂಡಸು "ಬ್ಯಾಂಕಾಕಿಗೆ ಹೋಗ್ತಿದ್ದೇನೆ" ಅಂದರೆ ಸಾಕು, ಕೇಳಿದವರ ತುಟಿಯ ಒಂದು ಅಂಚು ತಾನಾಗಿ ಮೇಲೇಳುತ್ತದೆ. ಸಿಂಗಪುರಕ್ಕೆ ಹೊರಟವರಿಗೆ ಈ ಮರ್ಯಾದೆ ಇಲ್ಲ. "ಹೆಂಡತಿಯೂ ಬರ್ತಾಳೆ" ಅಂದರೆ ನಗು ಅರ್ಧ ಇಳಿಯುತ್ತದೆ. "ಅತ್ತೆಯೂ ಬರ್ತಾರೆ" ಅಂದೊಡನೆ ಪೂರ್ತಿ ಇಳಿದು, ಆ ಜಾಗದಲ್ಲಿ ಅನುಕಂಪ ಬಂದು ಕೂರುತ್ತದೆ. ನಮ್ಮದು ಈ ಮೂರನೆಯ ವರ್ಗದ ಪ್ರವಾಸ.

ಯಾವಾಗ ಹೋಗುವುದು ಎಂಬಲ್ಲಿಯೇ ಮೊದಲ ತಕರಾರು. ಭಾವಮೈದುನನಿಗೆ ಏಪ್ರಿಲ್ಲೇ ಆಗಬೇಕು. ಆ ತಿಂಗಳ 13ರಿಂದ 15ರವರೆಗೆ ಅಲ್ಲಿ ಸೊಂಗ್‌ಕ್ರಾನ್. ಹೊಸವರ್ಷದ ಹೆಸರಿನಲ್ಲಿ ಊರಿಗೆ ಊರೇ ಪಿಚಕಾರಿ, ಬಕೆಟ್ಟು ಹಿಡಿದು ಬೀದಿಗಿಳಿಯುತ್ತದೆ. "ಓಕುಳಿಯಾಡೋಕೆ ವಿಮಾನ ಹತ್ತಬೇಕೇನೋ?" ಎಂದು ಅತ್ತೆ ಕೇಳಿದರು. ಜೊತೆಗೆ ಏಪ್ರಿಲ್ ಅಲ್ಲಿ ಸುಡು ಬೇಸಿಗೆ, ಮೇ ದಾಟಿದರೆ ಅಕ್ಟೋಬರಿನವರೆಗೂ ಮಳೆ. ಕೊನೆಗೆ ಡಿಸೆಂಬರ್ ಗೆದ್ದಿತು.

ಇಳಿದುಕೊಳ್ಳುವುದು ಎಲ್ಲಿ ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಸುಖುಮ್‌ವಿತ್ ಎಂಬ ಉದ್ದಾನುದ್ದ ರಸ್ತೆ. ಅದರಿಂದ ಕವಲೊಡೆದ ಗಲ್ಲಿಗಳಿಗೆ ಸೋಯ್ ಎನ್ನುತ್ತಾರೆ. ಒಂದು ಬದಿಗೆ ಬೆಸ ಸಂಖ್ಯೆ, ಇನ್ನೊಂದು ಬದಿಗೆ ಸರಿ ಸಂಖ್ಯೆ. ಎಷ್ಟು ಶಿಸ್ತು ಎಂದು ಮೆಚ್ಚುವಷ್ಟರಲ್ಲಿ ನಕಾಶೆಯಲ್ಲಿ 55ನೇ ಸೋಯ್ ಎದುರಿಗೆ 38 ಕಂಡಿತು. ತುಸು ಮುಂದೆ 63ರ ಎದುರಿಗೆ 42. ಎರಡೂ ಬದಿಯವರು ತಮ್ಮ ಪಾಡಿಗೆ ಎಣಿಸಿಕೊಂಡು ಹೋಗಿದ್ದಾರೆ, ಆಚೆ ಕಡೆಯವರೊಡನೆ ಮಾತುಕತೆಯೇ ಇಲ್ಲ. ಸ್ವತ್ತು ಪಾಲಾದ ಅಣ್ಣತಮ್ಮಂದಿರ ಮನೆಗಳ ಹಾಗೆ. ಈ ರಸ್ತೆಯ ವಾಹನದಟ್ಟಣೆ ಬೆಂಗಳೂರಿನವರಿಗೂ ಬೆವರಿಳಿಸುತ್ತದಂತೆ. 1999ರಲ್ಲಿ ಬಂದ ಬಿಟಿಎಸ್ ರೈಲು ಅದರ ತಲೆಯ ಮೇಲೆಯೇ ಓಡುತ್ತದೆ. ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರದಲ್ಲಿ ರೂಮು ಹಿಡಿಯದಿದ್ದವನ ಗತಿ ದೇವರಿಗೇ ಪ್ರೀತಿ ಎಂದು ಹೋಗಿಬಂದವರೆಲ್ಲ ಒಂದೇ ದನಿಯಲ್ಲಿ ಹೇಳಿದರು.

ಆದರೆ ನಾನು ಸೋತದ್ದು ದೋಣಿಗಳಿಗೆ. ಚಾವೊ ಫ್ರಾಯ ನದಿಯಲ್ಲಿ ಬಿಎಂಟಿಸಿ ಬಸ್ಸಿನ ಗತ್ತಿನಲ್ಲಿ ದೋಣಿಗಳು ಓಡುತ್ತವೆ. ಯಾವುದು ಎಲ್ಲೆಲ್ಲಿ ನಿಲ್ಲುತ್ತದೆ ಎಂಬುದನ್ನು ಬಾವುಟದ ಬಣ್ಣ ನೋಡಿ ತಿಳಿಯಬೇಕು. ಸಫಾನ್ ತಾಕ್ಸಿನ್ ಸ್ಟೇಷನ್ನಿನಲ್ಲಿ ರೈಲಿಳಿದು, ಕೆಳಗಿನ ಕಟ್ಟೆಯಲ್ಲಿ ಕಿತ್ತಳೆ ಬಾವುಟದ ದೋಣಿ ಹತ್ತಿದರೆ ರಾಜರ ಅರಮನೆಯ ಹತ್ತಿರವೇ ಇಳಿಸುತ್ತದೆ. ಇನ್ನೊಂದು ಬಗೆಯ ದೋಣಿ ಊರೊಳಗಿನ ಸೇನ್ ಸೇಪ್ ಕಾಲುವೆಯದ್ದು. ಅದರ ವಿಡಿಯೋವನ್ನು ನಾನು ಎಷ್ಟು ನೋಡಿದ್ದೇನೆ ಅಂದರೆ ಕಂಡಕ್ಟರ್ ಹುಡುಗ ಪರಿಚಯದವನೇ ಅನ್ನಿಸುತ್ತಾನೆ. ಅವನು ಒಳಗೆ ಬರುವುದೇ ಇಲ್ಲ. ತಲೆಗೆ ಹೆಲ್ಮೆಟ್ ಹಾಕಿ, ದೋಣಿಯ ಹೊರ ಅಂಚಿನ ಮೇಲೆ ಹಗ್ಗ ಹಿಡಿದು ನಡೆಯುತ್ತಲೇ ಟಿಕೆಟ್ ಹರಿಯುತ್ತಾನೆ. ಎದುರಿನಿಂದ ಇನ್ನೊಂದು ದೋಣಿ ಬಂತೆಂದರೆ ಅಂಚಿನಲ್ಲಿ ಕೂತವರು ಸರಕ್ಕನೆ ಒಂದು ಹಗ್ಗ ಎಳೆಯಬೇಕು, ಪ್ಲಾಸ್ಟಿಕ್ ಪರದೆ ಮೇಲೇಳುತ್ತದೆ. ಎಳೆಯಲು ತಡವಾದರೆ ಆ ಕಪ್ಪು ನೀರಿನ ಪ್ರೋಕ್ಷಣೆ ಇಡೀ ಸಾಲಿಗೆ. "ಹಗ್ಗ ನನ್ನ ಕೈಲಿರಲಿ, ನಿಮ್ಮನ್ನ ನಂಬೋ ಹಾಗಿಲ್ಲ" ಎಂದು ಹೆಂಡತಿ ಈಗಲೇ ಜಾಗ ಕಾಯ್ದಿರಿಸಿದ್ದಾಳೆ.

ಊಟದ ಮಾತಿಗೆ ಮನೆಯಲ್ಲಿ ಮೌನ ಆವರಿಸಿತ್ತು. ಅತ್ತೆ ಈರುಳ್ಳಿ ಬೆಳ್ಳುಳ್ಳಿ ಮುಟ್ಟುವವರಲ್ಲ. ಅಲ್ಲಿಯೋ, ಹಸಿ ಪಪ್ಪಾಯಿಯ ಕೋಸಂಬರಿಗೂ ಒಣ ಸೀಗಡಿ ಬೀಳುತ್ತದೆ. ಬರೀ ತರಕಾರಿ ಎಂದು ನಂಬಿದ ಪಲ್ಯದಲ್ಲೂ ಉಪ್ಪಿನ ಬದಲು ಮೀನಿನ ರಸ. ಚಟ್ನಿಪುಡಿ, ಗೊಜ್ಜವಲಕ್ಕಿ, ಪುಳಿಯೋಗರೆ ಗೊಜ್ಜು ಎಂದು ಸೂಟ್‌ಕೇಸಿನ ತೂಕ ಏರುತ್ತಿದ್ದಾಗ ಗೆಳೆಯನೊಬ್ಬ 'ಜೇ' ಊಟದ ವಿಷಯ ಹೇಳಿದ. ಚೀನೀ ಮೂಲದವರ ಹಬ್ಬದಿಂದ ಬಂದ ಪದ್ಧತಿ. ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ನಿಷಿದ್ಧ. ಅಂಗಡಿಯ ಮುಂದೆ ಹಳದಿ ಬಾವುಟ, ಅದರ ಮೇಲೆ ಕೆಂಪು ಅಕ್ಷರ. ನಮ್ಮ ಕಣ್ಣಿಗೆ ಅದು 17 ಎಂದು ಬರೆದಂತೆಯೇ ಕಾಣುತ್ತದೆ. ಅತ್ತೆ ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. "ಮಡಿಯವರು ಎಲ್ಲ ಕಡೆ ಇರ್ತಾರೆ ಬಿಡಿ" ಎಂದರು. ಮೊಸರಿಲ್ಲ ಎಂಬುದನ್ನು ನಾನಿನ್ನೂ ಬಾಯಿಬಿಟ್ಟು ಹೇಳಿಲ್ಲ.

ಇನ್ನು ದೇವರುಗಳು. ಸುವರ್ಣಭೂಮಿ ವಿಮಾನನಿಲ್ದಾಣದ ಒಳಗೇ ಸಮುದ್ರಮಥನದ ದೊಡ್ಡ ಶಿಲ್ಪವಿದೆ, ವಾಸುಕಿಯನ್ನು ದೇವಾಸುರರು ಜಗ್ಗುತ್ತಿದ್ದಾರೆ. ಫೋಟೋ ಕಂಡ ಅತ್ತೆ ಮೊದಲ ದಿನವನ್ನು ಅಲ್ಲಿಯೇ ಕಳೆಯುವ ಲಕ್ಷಣ ತೋರಿಸಿದರು. ಮಾಲುಗಳ ನಡುವಿನ ರಾಚಪ್ರಸೋಂಗ್ ವೃತ್ತದಲ್ಲಿ ನಾಲ್ಕು ಮುಖದ ಬ್ರಹ್ಮ. 1956ರಲ್ಲಿ ಅಲ್ಲೊಂದು ಹೋಟೆಲು ಕಟ್ಟುವಾಗ ಸಾಲುಸಾಲು ವಿಘ್ನ ಬಂದವೆಂದು ಪ್ರತಿಷ್ಠೆ ಮಾಡಿದ್ದು. ಹರಕೆ ತೀರಿದವರು ದುಡ್ಡು ಕೊಟ್ಟು ಅಲ್ಲಿ ನೃತ್ಯ ಮಾಡಿಸುತ್ತಾರೆ. ನಮ್ಮಲ್ಲಿ ಪೂಜೆಗೇ ಗತಿಯಿಲ್ಲದ ಬ್ರಹ್ಮನಿಗೆ ಅಲ್ಲಿ ಇಂಥ ವೈಭೋಗ.

ಕಷ್ಟವಿರುವುದು ಅರಮನೆಯಲ್ಲಿ. ಪಚ್ಚೆಬುದ್ಧನ ಗುಡಿಯ ಸುತ್ತಿನ ಮೊಗಸಾಲೆಯಲ್ಲಿ 178 ಭಿತ್ತಿಚಿತ್ರಗಳಲ್ಲಿ ಅವರ ರಾಮಾಯಣ, ರಾಮಕೀನ್ ಇದೆ. ಅಲ್ಲಿಯ ಹನುಮಂತ ಬ್ರಹ್ಮಚಾರಿಯಲ್ಲ. ಸೇತುವೆ ಕೆಡವಲು ಬಂದ ರಾವಣನ ಮಗಳನ್ನು, ಆಕೆ ಮತ್ಸ್ಯಕನ್ಯೆ, ಒಲಿಸಿಕೊಂಡು ಮಗನನ್ನೂ ಪಡೆಯುತ್ತಾನೆ. ಪ್ರಣಯ ಅಲ್ಲಿಗೇ ನಿಲ್ಲುವುದೂ ಇಲ್ಲ. ಶನಿವಾರ ತಪ್ಪದೆ ಹನುಮಂತನ ಗುಡಿಗೆ ಹೋಗುವ ಅತ್ತೆಗೆ ಇದನ್ನು ವಿವರಿಸುವ ಕೆಲಸ ಯಾರದು ಎಂದು ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಚಿತ್ರಗಳ ಮುಂದೆ ಬೇಗ ನಡೆಯುವುದೆಂದು ಸದ್ಯಕ್ಕೆ ಠರಾವಾಗಿದೆ. ಅಲ್ಲಿ ಮೊಣಕಾಲು, ಹೆಗಲು ಕಾಣುವ ಬಟ್ಟೆ ನಡೆಯದು. ಅತ್ತೆಯ ಇಳಕಲ್ ಸೀರೆಗೆ ಯಾವ ಅಡ್ಡಿಯೂ ಇಲ್ಲ. ಅಡ್ಡಿ ಭಾವಮೈದುನನ ಚಡ್ಡಿಗೆ. ಹಾದಿಯಲ್ಲಿ ಸಭ್ಯನೊಬ್ಬ ಎದುರಾಗಿ "ಅಯ್ಯೋ, ಇವತ್ತು ಅರಮನೆ ಮುಚ್ಚಿದೆಯಲ್ಲ" ಎಂದು ಮರುಗಿ, ಅಗ್ಗದ ಟುಕ್‌ಟುಕ್ ಹತ್ತಿಸಿ ಹರಳಿನ ಅಂಗಡಿಗೆ ಸಾಗಹಾಕುವುದು ಅಲ್ಲಿಯ ಹಳೆಯ ಆಟವಂತೆ. ಅವನನ್ನು ನಿಭಾಯಿಸುವ ಹೊಣೆ ಅತ್ತೆಗೆ ಬಿಟ್ಟಿದ್ದೇವೆ. ಗಾಂಧಿಬಜಾರಿನಲ್ಲಿ ಹೂವಿನವರ ಜೊತೆ ನಲವತ್ತು ವರ್ಷ ಚೌಕಾಸಿ ಮಾಡಿದವರು.

ಟಿಕೆಟ್ ಕಾಯ್ದಿರಿಸಬೇಕು ಎನ್ನುವಾಗ ಅತ್ತೆ ಪಂಚಾಂಗ ತಂದು ಕೂತರು. ಹೊರಡುವ ಹೊತ್ತಿಗೆ ರಾಹುಕಾಲದ ತೊಂದರೆ ಕಾಣಲಿಲ್ಲ. ಅಲ್ಲಿರುವ ದಿನಗಳಲ್ಲಿ ಒಂದು ಏಕಾದಶಿ ಮಾತ್ರ ಸಿಕ್ಕಿತು. ನಾನು ಕಂಗಾಲಾದೆ, ಅವರು ಅರಳಿದರು.

"ಒಳ್ಳೇದೇ ಆಯ್ತಲ್ಲ, ಅಳಿಯಂದ್ರೇ. ಅವತ್ತು ನನಗೆ ಊಟದ ಯೋಚನೆ ಇಲ್ಲ. ಅರಮನೆಗೆ ಅವತ್ತೇ ಹೋಗೋಣ, ಆ ಚಿತ್ರಗಳನ್ನೆಲ್ಲ ಒಂದೊಂದಾಗಿ, ನಿಧಾನವಾಗಿ ನೋಡಬಹುದು."