ಅಂದಾಜು ವೆಚ್ಚದ ಅಣ್ಣ

ಮದುವೆ ನಾಲ್ಕು, ಸಾವು ಎರಡು, ಸಿಸಿ ರಸ್ತೆ ಒಂದು. ಲಗ್ನದ ಸೀಸನ್ನಿನಲ್ಲಿ ಅಣ್ಣನ ದಿನದ ಲೆಕ್ಕ ಇದಕ್ಕಿಂತ ಕಡಿಮೆ ಬೀಳುವುದಿಲ್ಲ. ಎಲ್ಲವೂ ಫೋಟೊ ಸಮೇತ ರಾತ್ರಿ ಹನ್ನೊಂದರೊಳಗೆ ಫೇಸ್‌ಬುಕ್ಕಿಗೆ ಬೀಳುತ್ತದೆ, ಅಲ್ಲಿಂದ ಊರೂರ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹರಿಯುತ್ತದೆ. ಮದುವೆ ಫೋಟೊದಲ್ಲಿ ಅಣ್ಣ ಗಂಡು ಹೆಣ್ಣಿನ ನಡುವೆ ನಿಂತಿರುತ್ತಾರೆ. ಮದುವೆ ಯಾರದ್ದು ಎಂದು ತಿಳಿಯಲು ತುಸು ಹೊತ್ತು ಹಿಡಿಯುತ್ತದೆ. ಸಾವಿನ ಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ತುದಿಗೆ ಕೂತು, ಎರಡೂ ಕೈ ಮೊಣಕಾಲ ನಡುವೆ ಸೇರಿಸಿ ನೆಲ ನೋಡುತ್ತಿರುತ್ತಾರೆ. ರಸ್ತೆ ಫೋಟೊದಲ್ಲಿ ಗುದ್ದಲಿ ಎತ್ತಿರುತ್ತಾರೆ, ಕಣ್ಣು ಮಾತ್ರ ಕ್ಯಾಮೆರಾದ ಮೇಲಿರುತ್ತದೆ. ಮೂರು ಕಡೆಗೂ ಅದೇ ಬಿಳಿ ಅಂಗಿ. ಹೆಗಲ ಮೇಲಿನ ಟವೆಲ್ಲಿನ ಬಣ್ಣ ಮಾತ್ರ ಆಯಾ ಊರಿನ ಮಠ, ಮತ ನೋಡಿಕೊಂಡು ಬದಲಾಗುತ್ತದೆ.

ಪೋಸ್ಟು ಬರೆಯಲು ಒಬ್ಬ ಹುಡುಗ ಇದ್ದಾನೆ. ಡಿಗ್ರಿ ಮುಗಿಸಿ, ಕೆಎಎಸ್‌ಗೆ ಓದುತ್ತಿದ್ದೇನೆಂದು ಮನೆಯಲ್ಲಿ ಹೇಳಿ, ಅಣ್ಣನ ಕಾರಿನ ಹಿಂದಿನ ಸೀಟಿನಲ್ಲಿ ಓಡಾಡಿಕೊಂಡಿರುವವನು. ಅವನ ಮೊಬೈಲಿನಲ್ಲಿ ಮೂರು ನಮೂನೆ ಸಿದ್ಧವಾಗಿವೆ. ಊರು, ಹೆಸರು, ಮೊತ್ತ ತುಂಬಿದರೆ ಮುಗಿಯಿತು. ಒಂದು ದಿನ ಗಡಿಬಿಡಿಯಲ್ಲಿ ನಮೂನೆ ಅದಲುಬದಲಾಯಿತು. ಹಾರ ಹಾಕಿಕೊಂಡು ನಿಂತ ಹೊಸ ಜೋಡಿಯ ಕೆಳಗೆ, ‘ಕಾಮಗಾರಿಯನ್ನು ನಿಗದಿತ ಅವಧಿಯೊಳಗೆ ಮುಗಿಸಿ, ಗುಣಮಟ್ಟ ಕಾಯ್ದುಕೊಳ್ಳುವಂತೆ ಸೂಚಿಸಲಾಯಿತು’ ಎಂದು ಬಂತು. ಅಳಿಸುವಷ್ಟರಲ್ಲಿ ಮುನ್ನೂರು ಜನ ಲೈಕ್ ಒತ್ತಿದ್ದರು. ಅದರಲ್ಲಿ ಮದುವೆ ಗಂಡೂ ಒಬ್ಬ.

ಅಣ್ಣ ಎಂದರೆ ಒಬ್ಬರೇ ಅಂತ ತಿಳಿಯಬೇಡಿ. ಚನ್ನಗಿರಿಗೊಬ್ಬರು, ಹೊನ್ನಾಳಿಗೊಬ್ಬರು, ನ್ಯಾಮತಿಗೊಬ್ಬರು, ಜಗಳೂರಿಗೊಬ್ಬರು ಇದ್ದೇ ಇದ್ದಾರೆ. ಹೇಳಲು ಸಲೀಸಾಗಲಿ ಎಂದು ನಾಲ್ವರನ್ನೂ ಒಂದೇ ಬಿಳಿ ಅಂಗಿಯೊಳಗೆ ತೂರಿಸಿದ್ದೇನೆ. ಯಾರಿಗೂ ಬಿಗಿಯಾಗಲಿಕ್ಕಿಲ್ಲ.

ಅಣ್ಣನ ಹುದ್ದೆ ಏನು? ವಿಸಿಟಿಂಗ್ ಕಾರ್ಡಿನಲ್ಲಿ ‘ಜಿಲ್ಲಾ ಪಂಚಾಯಿತಿ ಸದಸ್ಯರು’ ಎಂದು ದಪ್ಪಕ್ಷರದಲ್ಲಿದೆ, ಅದರ ಹಿಂದೆ ‘ಮಾಜಿ’ ಎಂದು ಸಾಸಿವೆ ಕಾಳಿನ ಗಾತ್ರದಲ್ಲಿದೆ. 2016ರ ಫೆಬ್ರವರಿಯಲ್ಲಿ ಚುನಾವಣೆ ಆಗಿ ಗೆದ್ದರು. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ ಎಂದರು, ಮೀಸಲಾತಿ ಪಟ್ಟಿ ಎಂದರು, ಕೋರ್ಟು ಎಂದರು. ವರ್ಷದ ಮೇಲೆ ವರ್ಷ ಉರುಳಿತೇ ಹೊರತು ಚುನಾವಣೆ ಬರಲಿಲ್ಲ. ಬೇರೆಯವರಾಗಿದ್ದರೆ ತೋಟ ನೋಡಿಕೊಂಡು ಸುಮ್ಮನಾಗುತ್ತಿದ್ದರು. ಅಣ್ಣ ಅಂದಿನಿಂದಲೇ ‘ಆಕಾಂಕ್ಷಿ’ಯಾದರು. ಗೆದ್ದವನಿಗೆ ಐದು ವರ್ಷದ ಗಡುವಿದೆ, ಆಕಾಂಕ್ಷಿಗೆ ಅವಧಿ ಮುಗಿಯುವ ಭಯವೇ ಇಲ್ಲ.

ಹುದ್ದೆ ಇಲ್ಲದ ಮೇಲೆ ಅನುದಾನ ಎಲ್ಲಿಂದ ಬರಬೇಕು? ಅಣ್ಣನ ಕೈಚಳಕ ಇರುವುದೇ ಇಲ್ಲಿ. ಶಾಸಕರಿಗೆ ಕ್ಷೇತ್ರದ ಅಭಿವೃದ್ಧಿಗೆಂದು ವರ್ಷಕ್ಕೆ 2 ಕೋಟಿ ಇದೆ. ಸಂಸದರಿಗೆ 5 ಕೋಟಿ. ಈ ಸಂಸದರ ನಿಧಿ ಶುರುವಾದದ್ದು 1993ರಲ್ಲಿ. ಅದೂ ಸಂಸದರ ಕೈಗೆ ಬರುವ ದುಡ್ಡಲ್ಲ. ಅವರು ಶಿಫಾರಸು ಪತ್ರ ಬರೆಯಬೇಕು, ಜಿಲ್ಲಾಡಳಿತ ಮಂಜೂರು ಮಾಡಬೇಕು. ದಾವಣಗೆರೆ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಸಮನಾಗಿ ಹಂಚಿದರೆ ಒಂದಕ್ಕೆ ವರ್ಷಕ್ಕೆ ಅರವತ್ತೆರಡೂವರೆ ಲಕ್ಷ ಬಂದೀತು. ಅಣ್ಣನ ಪೋಸ್ಟುಗಳನ್ನು ಕೂಡುತ್ತಾ ಹೋದರೆ ಅಷ್ಟು ಯುಗಾದಿಗೆ ಮೊದಲೇ ಖರ್ಚಾಗಿರುತ್ತದೆ. ಗ್ರಾಮ ಪಂಚಾಯಿತಿಗೆ ಹಣಕಾಸು ಆಯೋಗದಿಂದ ಬರುವ ದುಡ್ಡು, ಲೋಕೋಪಯೋಗಿ ಇಲಾಖೆಯ ದುಡ್ಡು, ಜಲಜೀವನ್ ಮಿಷನ್ ದುಡ್ಡು ಯಾವುದಾದರೂ ಸರಿ, ಅದು ಊರೊಳಗೆ ಕಾಲಿಡುವ ಹೊತ್ತಿಗೆ ಅಣ್ಣ ಊರಬಾಗಿಲಲ್ಲಿ ನಿಂತಿರುತ್ತಾರೆ. ‘ನಮ್ಮ ಸತತ ಪ್ರಯತ್ನದ ಫಲವಾಗಿ 40 ಲಕ್ಷ ರೂ. ಅನುದಾನ ತರಲಾಗಿದೆ.’ ಮಾವನ ಮನೆಯಿಂದ ಹೊತ್ತು ತಂದವರ ಹಾಗೆ ಹೇಳುತ್ತಾರೆ.

ಜಲಜೀವನ್ ಮಿಷನ್ ಬಂದದ್ದು 2019ರಲ್ಲಿ, ಮನೆಮನೆಗೆ ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್ ಎಂಬ ಲೆಕ್ಕದಲ್ಲಿ. ಅಣ್ಣನಿಗೆ ಅದರಂಥ ಯೋಜನೆ ಇನ್ನೊಂದಿಲ್ಲ. ಮೊದಲು ಓಣಿಗೆ ಸಿಸಿ ರಸ್ತೆ ಮಾಡಿಸಿದರು: ಗುದ್ದಲಿ ಪೂಜೆ, ಫೋಟೊ. ಆರು ತಿಂಗಳಿಗೆ ಪೈಪು ಹಾಕಲು ಅದೇ ರಸ್ತೆ ಅಗೆದರು: ಪೂಜೆ, ಫೋಟೊ. ಅಗೆದದ್ದನ್ನು ಮುಚ್ಚಲು ತೇಪೆ ಹಾಕಿದರು: ‘ರಸ್ತೆ ದುರಸ್ತಿಗೆ ಚಾಲನೆ’, ಮತ್ತೆ ಫೋಟೊ. ನಲ್ಲಿಯಲ್ಲಿ ಮೊದಲ ದಿನ ನೀರು ಬಂದಾಗ ಆರತಿಯೂ ಆಯಿತು. ಎರಡನೇ ದಿನದ ಫೋಟೊ ಮಾತ್ರ ನನಗೆ ಎಲ್ಲೂ ಸಿಕ್ಕಿಲ್ಲ.

ನಾಲ್ಕು ತಾಲ್ಲೂಕಿನ ಹವಾಮಾನ ಬೇರೆ ಬೇರೆ ಇರುವುದರಿಂದ ಅಣ್ಣನಿಗೆ ವರ್ಷವಿಡೀ ಕೆಲಸ. ಈ ಜಿಲ್ಲೆಯೇ ಹಾಗೆ ಕೂಡಿಬಂದದ್ದು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ಜಿಲ್ಲೆ ಮಾಡಿದ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿ ಹೆಸರಾದವರು, ವಿಧಾನಸಭೆಯಲ್ಲಿ ನಗಿಸುತ್ತಲೇ ಚುಚ್ಚುತ್ತಿದ್ದವರು. ‘ಪಟೇಲರ ಗರಡಿಯಲ್ಲಿ ಬೆಳೆದವ್ರು ನಾವು’ ಎಂದು ಅಣ್ಣ ಪ್ರತಿ ಭಾಷಣದಲ್ಲೂ ಹೇಳುತ್ತಾರೆ. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ಅಣ್ಣ ಏಳನೇ ಕ್ಲಾಸಿನಲ್ಲಿದ್ದರು.

ಮಳೆಗಾಲದಲ್ಲಿ ಹೊನ್ನಾಳಿ. ತುಂಗಭದ್ರೆ ಮೈದುಂಬಿದರೆ ಮೊದಲು ನೀರು ನುಗ್ಗುವುದು ಬಾಲರಾಜ್ ಘಾಟಿನ ಮನೆಗಳಿಗೆ. ಅಲ್ಲಿಯವರು ಗಂಟುಮೂಟೆ ಕಟ್ಟಿಕೊಂಡು ಕಾಳಜಿ ಕೇಂದ್ರಕ್ಕೆ ಹೋಗುವ ಹೊತ್ತಿಗೆ ಅಣ್ಣ ಮೊಣಕಾಲುದ್ದ ನೀರಿನಲ್ಲಿ ಪಂಚೆ ಎತ್ತಿ ಕಟ್ಟಿ ನಿಂತಿರುತ್ತಾರೆ. ‘ಶಾಶ್ವತ ಪರಿಹಾರಕ್ಕೆ ಕ್ರಮ’ ಎನ್ನುತ್ತದೆ ಪೋಸ್ಟು. ಮುಂದಿನ ಮಳೆಗಾಲಕ್ಕೂ ಅದೇ ಶಾಶ್ವತ ಪರಿಹಾರ ಬರುತ್ತದೆ, ಪಂಚೆ ಮಾತ್ರ ಹೊಸತು.

ಮಳೆ ಚೆನ್ನಾಗಿ ಆಗಿ, ಭದ್ರಾ ನಾಲೆಯ ನೀರೂ ಸೇರಿದರೆ ಚನ್ನಗಿರಿಯ ಸೂಳೆಕೆರೆ ತುಂಬುತ್ತದೆ. ಅಣ್ಣ ಬಾಗಿನ ಹಿಡಿದು ಹೊರಡುತ್ತಾರೆ. ಆ ಕೆರೆಯ ನೀರು ಚಿತ್ರದುರ್ಗದವರೆಗೂ ಕುಡಿಯಲು ಹೋಗುತ್ತದೆ. ಅಣ್ಣನ ಫೋಟೊ ಅದಕ್ಕಿಂತ ದೂರ ಹೋಗುತ್ತದೆ. ನಾಲೆಯ ಕೊನೆ ಭಾಗದ ರೈತರು ನೀರು ಬಂದಿಲ್ಲವೆಂದು ರಸ್ತೆಗೆ ಕೂತರೆ, ಅಣ್ಣ ಅವರ ಜೊತೆಗೂ ಅರ್ಧ ಗಂಟೆ ಕೂರುತ್ತಾರೆ, ಆಮೇಲೆ ಎದ್ದು ಹೋಗಿ ಅವರ ಮನವಿ ಸ್ವೀಕರಿಸುವ ಅಧಿಕಾರಿಯ ಪಕ್ಕದಲ್ಲೂ ನಿಲ್ಲುತ್ತಾರೆ. ಕೊಡುವವರ ಸಾಲಿನಲ್ಲೂ ಅವರೇ, ತೆಗೆದುಕೊಳ್ಳುವವರ ಸಾಲಿನಲ್ಲೂ ಅವರೇ. ಫೆಬ್ರವರಿಯಲ್ಲಿ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಸಂತ ಸೇವಾಲಾಲ್ ಜಯಂತಿ. ಮಾಲಾಧಾರಿಗಳು ದೂರದೂರದ ತಾಂಡಾಗಳಿಂದ ಬರುತ್ತಾರೆ, ಅಣ್ಣ ಅವರಿಗಿಂತ ಮೊದಲು ಸ್ವಾಗತದ ಫ್ಲೆಕ್ಸಿನಲ್ಲಿ ಬಂದಿರುತ್ತಾರೆ. ಅಂದ ಹಾಗೆ, 2018ರಲ್ಲಿ ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದಾಗ ಎಲ್ಲರಿಗಿಂತ ಹಿಗ್ಗಿದವರು ಅಣ್ಣ. ಹೊಸ ತಾಲ್ಲೂಕೆಂದರೆ ಹೊಸ ಕಚೇರಿಗಳು. ಪ್ರತಿ ಕಚೇರಿಗೂ ಒಂದು ಶಂಕುಸ್ಥಾಪನೆ, ಒಂದು ಉದ್ಘಾಟನೆ.

ಬೇಸಿಗೆ ಪೂರಾ ಜಗಳೂರಿಗೆ ಮೀಸಲು. ಬರದ ಊರು. ತರಳಬಾಳು ಶ್ರೀಗಳ ಮುತುವರ್ಜಿಯಿಂದ ಹರಿಹರದ ಕಡೆಯಿಂದ ತುಂಗಭದ್ರೆಯ ನೀರು ಎತ್ತಿ 57 ಕೆರೆ ತುಂಬಿಸುವ ಯೋಜನೆ ಬಂತಲ್ಲ, ಅದರ ಪೈಪು ಹಾದುಹೋದ ಹೊಲದಲ್ಲೆಲ್ಲ ಅಣ್ಣ ನಿಂತು ಫೋಟೊ ತೆಗೆಸಿಕೊಂಡಿದ್ದಾರೆ. ಅದಕ್ಕಿಂತ ದೊಡ್ಡದು ಭದ್ರಾ ಮೇಲ್ದಂಡೆ. 29.9 ಟಿಎಂಸಿ ನೀರು, ಹನಿ ನೀರಾವರಿ. 2023ರ ಕೇಂದ್ರ ಬಜೆಟ್ಟಿನಲ್ಲಿ ಇದಕ್ಕೆ 5,300 ಕೋಟಿ ಎಂದು ಘೋಷಣೆಯಾದ ದಿನ ಅಣ್ಣ ಬಸ್ ಸ್ಟ್ಯಾಂಡಿನಲ್ಲಿ ಪಟಾಕಿ ಹಾರಿಸಿ, ಪೇಡೆ ಹಂಚಿ, ‘ಬರದ ನಾಡಿಗೆ ಭಗೀರಥ’ ಎಂದು ಪೋಸ್ಟು ಹಾಕಿದ್ದರು. ಅದೇ ವರ್ಷ ಬೆಂಗಳೂರಿನಲ್ಲಿ ಸರ್ಕಾರ ಬದಲಾಯಿತು, ಅಣ್ಣನ ಪಕ್ಷವೂ ಬದಲಾಯಿತು. ಈಗ ಅದೇ ಬಸ್ ಸ್ಟ್ಯಾಂಡಿನಲ್ಲಿ, ‘ಎಲ್ಲಿ ಹೋಯ್ತು 5,300 ಕೋಟಿ?’ ಎಂಬ ಬೋರ್ಡು ಹಿಡಿದು ಕೂತ ಫೋಟೊ ಬಂದಿದೆ. ಹಳೆಯ ಪೋಸ್ಟು ಅಳಿಸು ಎಂದು ಹುಡುಗನಿಗೆ ಹೇಳಿದ್ದರಂತೆ. ಅವನು ಮರೆತ. ಹಾಗಾಗಿ ಅಣ್ಣನ ಪೇಜಿನಲ್ಲಿ ಕೆಳಗೆ ಇಳಿಯುತ್ತಾ ಹೋದರೆ ಕೇಳುವವರೂ ಅಣ್ಣನೇ, ಕೊಟ್ಟವರಿಗೆ ಹಾರ ಹಾಕಿದವರೂ ಅಣ್ಣನೇ.

ಆ ಧರಣಿಯ ದಿನ ಒಬ್ಬ ಅಜ್ಜಿ, ‘ಟಿಎಂಸಿ ಅಂದ್ರೆ ಎಷ್ಟು ಕೊಡ ಆಗ್ತದಪ್ಪ?’ ಎಂದಳು. ಅಣ್ಣ ಎಂಜಿನಿಯರ್ ಕಡೆ ನೋಡಿದರು. ಎಂಜಿನಿಯರ್ ಮೊಬೈಲ್ ನೋಡಿದ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಹದಿನೈದು ಲೀಟರಿನ ಕೊಡದಲ್ಲಿ ಅಳೆದರೆ ಸುಮಾರು 189 ಕೋಟಿ ಕೊಡ. ಉತ್ತರ ಕೇಳಿ ಅಜ್ಜಿ, ‘ನನಗೆ ದಿನಕ್ಕೆ ನಾಕು ಸಾಕು’ ಎಂದಳು.

ಅಣ್ಣನನ್ನು ಬರೀ ಆಡಿಕೊಂಡರೆ ಅನ್ಯಾಯವಾದೀತು. ರಾತ್ರಿ ಎರಡು ಗಂಟೆಗೆ ದಾವಣಗೆರೆಯಲ್ಲಿ ಐಸಿಯು ಬೆಡ್ ಬೇಕೆಂದರೆ ಮೊದಲ ರಿಂಗಿಗೇ ಫೋನ್ ಎತ್ತುವವರು ಅವರು. ಠಾಣೆಯಲ್ಲಿ ಬೈಕು ಹಿಡಿದಿಟ್ಟರೆ, ಪಹಣಿಯಲ್ಲಿ ಅಪ್ಪನ ಹೆಸರು ತಪ್ಪಾಗಿದ್ದರೆ, ಮಗಳಿಗೆ ಹಾಸ್ಟೆಲ್ ಸೀಟು ಸಿಗದಿದ್ದರೆ ಜನ ಹೋಗುವುದು ಗೆದ್ದವರ ಮನೆಗಲ್ಲ, ಅಣ್ಣನ ಮನೆಗೆ. ಗೆದ್ದವರು ಬೆಂಗಳೂರಿನಲ್ಲಿರುತ್ತಾರೆ. ಅಣ್ಣ ಮಂಡಕ್ಕಿ ಮೆಣಸಿನಕಾಯಿ ಅಂಗಡಿಯ ಬೆಂಚಿನ ಮೇಲೆ ಸಿಗುತ್ತಾರೆ. ಇವ್ಯಾವುವೂ ಪೋಸ್ಟಿನಲ್ಲಿ ಬರುವುದಿಲ್ಲ. ರಾತ್ರಿ ಎರಡಕ್ಕೆ ಆ ಹುಡುಗ ನಿದ್ದೆಯಲ್ಲಿರುತ್ತಾನೆ.

ಪೋಸ್ಟಿನಲ್ಲಿ ಅಣ್ಣ ತಾವೇ ಕೂತು ತಿದ್ದುವ ಭಾಗ ಒಂದೇ, ಕೊನೆಯದು. ‘ಈ ಸಂದರ್ಭದಲ್ಲಿ’ ಎಂದು ಶುರುವಾಗಿ, ಹದಿನೆಂಟು ಹೆಸರು ಹಾದು, ‘ಮುಂತಾದವರು ಉಪಸ್ಥಿತರಿದ್ದರು’ ಎಂದು ಮುಗಿಯುತ್ತದಲ್ಲ, ಅದು. ರಸ್ತೆ ಎಷ್ಟು ಉದ್ದ ಎಂಬುದು ಬಿಟ್ಟುಹೋದರೆ ಯಾರೂ ಕೇಳುವುದಿಲ್ಲ, ಆದರೆ ‘ಮುಂತಾದವರು’ ಒಳಗೆ ಬಿದ್ದವನು ರಾತ್ರಿಯೇ ಫೋನ್ ಮಾಡುತ್ತಾನೆ: ‘ಏನ್ ಗೌಡ್ರೆ, ತೆಂಗಿನಕಾಯಿ ಒಡೆದೋನು ನಾನು, ನನ್ನ ಹೆಸರೇ ಇಲ್ವಲ್ಲ?’

ಇಷ್ಟು ವರ್ಷ ಈ ಪೋಸ್ಟುಗಳನ್ನು ಜನ ನೋಡಿ ಮುಂದೆ ತಳ್ಳುತ್ತಾರೆಂದೇ ಅಣ್ಣ ತಿಳಿದಿದ್ದರು. ಒಬ್ಬಾಕೆ ಹಾಗೆ ಮಾಡಲಿಲ್ಲ. ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆಯುವ ಅಕ್ಕ. ವಾರ ವಾರ ಯಾರು ಎಷ್ಟು ಕಟ್ಟಿದರು, ಯಾರದ್ದು ಎಷ್ಟು ಬಾಕಿ ಎಂದು ಗೆರೆ ಎಳೆದು ಬರೆಯುವವಳು. ಅದೇ ಪುಸ್ತಕದ ಹಿಂಬದಿ ಹಾಳೆಯಲ್ಲಿ ಅಣ್ಣನ ಪೋಸ್ಟುಗಳನ್ನೂ ಬರೆದಿಟ್ಟಿದ್ದಳು: ತಾರೀಖು, ಕಾಮಗಾರಿ, ಅಂದಾಜು ವೆಚ್ಚ, ಆಗಿದೆಯೇ. ಕೊನೆಯ ಕಾಲಮ್ಮಿನಲ್ಲಿ ಹೆಚ್ಚಿನ ಕಡೆ ಬರೀ ಗೆರೆ.

ಸಮುದಾಯ ಭವನದ ಮುಂದೆ ಹೈಮಾಸ್ಟ್ ದೀಪದ ಉದ್ಘಾಟನೆಗೆ ಅಣ್ಣ ಬಂದ ಸಂಜೆ ಅವಳು ಪುಸ್ತಕ ಬಗಲಲ್ಲಿಟ್ಟುಕೊಂಡು ಬಂದಳು.

‘ಅಣ್ಣಾರೆ, ಒಂದ್ ಮಾತು ಕೇಳ್ಲಾ?’

‘ಕೇಳವ್ವ, ನಿಮಗೋಸ್ಕರಾನೇ ಬಂದಿರೋದು.’

‘ನಮ್ಮ ಓಣಿ ಚರಂಡಿಗೆ ನೀವು ಎರಡು ಸಲ ಪೂಜೆ ಮಾಡೀರಿ. ಮೊದಲ್ನೇದು ಹತ್ತು ಲಕ್ಷ, ಎರಡ್ನೇದು ಹದಿನೈದು ಲಕ್ಷ. ಚರಂಡಿ ಮಾತ್ರ ಅಂಗನವಾಡಿ ಮುಂದಕ್ಕೆ ಬಂದು ನಿಂತೈತೆ.’

ಅಣ್ಣ ನಕ್ಕರು. ‘ಅದು ಬೇರೆ ಹೆಡ್ಡು, ಇದು ಬೇರೆ ಹೆಡ್ಡು ತಾಯಿ. ನಿಮಗೆ ಗೊತ್ತಾಗಲ್ಲ.’

‘ಹೆಡ್ಡು ಎಷ್ಟಾದ್ರೂ ಇರ್ಲಿ ಅಣ್ಣಾರೆ, ಚರಂಡಿ ಒಂದೇ ಅಲ್ವಾ? ನೀರು ನಮ್ಮ ಬಾಗ್ಲಿಗೇ ಬರ್ತೈತಿ.’

ಹಿಂದೆ ನಿಂತವರು ಕಿಸಕ್ಕೆಂದರು. ಅಣ್ಣ ಗುತ್ತಿಗೆದಾರನ ಕಡೆ ನೋಡಿದರು. ಗುತ್ತಿಗೆದಾರ ಅಣ್ಣನ ತಂಗಿಯ ಗಂಡ. ಅವನು ದೀಪ ನೋಡುತ್ತಾ ನಿಂತಿದ್ದ. ಅಣ್ಣ ಪುಸ್ತಕ ಇಸಿದುಕೊಂಡು ಹಾಳೆ ತಿರುವಿದರು. ಆರು ವರ್ಷದ್ದು ಸಾಲಾಗಿ ಇತ್ತು. ನಿಂತು ನೋಡಿದರು, ಹುಬ್ಬು ಏರಿತು, ‘ಏ, ಇಷ್ಟೆಲ್ಲ ಕೆಲಸ ಮಾಡ್ಸಿದೀವೇನೋ ನಾವು!’ ಎಂದರು ಹುಡುಗನಿಗೆ, ನಿಜವಾದ ಹೆಮ್ಮೆಯಿಂದ.

ಆ ರಾತ್ರಿಯ ಪೋಸ್ಟಿನಲ್ಲಿ ಅಕ್ಕ ಬೆರಳು ಎತ್ತಿ ಕೇಳುತ್ತಿರುವ ಫೋಟೊ ಬಂತು. ‘ಮಹಿಳೆಯರ ಅಹವಾಲು ಆಲಿಸಿ, ಸ್ಥಳದಲ್ಲೇ ಅಧಿಕಾರಿಗಳಿಗೆ ಸೂಚನೆ ನೀಡಲಾಯಿತು.’ ಸ್ಥಳದಲ್ಲಿ ಅಧಿಕಾರಿಗಳು ಯಾರೂ ಇರಲಿಲ್ಲ. ಲೈಕು ಮಾತ್ರ ಹೈಮಾಸ್ಟ್ ದೀಪಕ್ಕಿಂತ ಹೆಚ್ಚು ಬಂದವು. ಕಾಮೆಂಟಿನಲ್ಲಿ ಅರ್ಧ ಜನ ಅಕ್ಕನಿಗೇ ಟಿಕೆಟ್ ಕೊಡಿ ಎಂದಿದ್ದರು.

ಹದಿನೈದು ದಿನ ಬಿಟ್ಟು ಅದೇ ಚರಂಡಿಗೆ ಮೂರನೇ ಪೂಜೆ ಗೊತ್ತಾಯಿತು, ಅಂದಾಜು ವೆಚ್ಚ 20 ಲಕ್ಷ. ಈ ಸಲ ಅಕ್ಕನ ಕೈಯಲ್ಲೇ ಗುದ್ದಲಿ ಕೊಡಿಸಬೇಕೆಂದು ಅಣ್ಣ ಖುದ್ದು ಫೋನ್ ಮಾಡಿದರು.

‘ಬರ್ತೀನಿ ಅಣ್ಣಾರೆ. ಬರೋವಾಗ ಟೇಪು ತರ್ತೀನಿ.’

‘ನೀವ್ಯಾಕವ್ವ ತರೋದು? ಟೇಪು, ಕತ್ರಿ, ಹಾರ ಎಲ್ಲ ನಮ್ಮ ಹುಡುಗ್ರೇ ತರ್ತಾರೆ. ನೀವು ಬಂದು ಕಟ್ ಮಾಡಿ ಸಾಕು.’