ಭಾವನ ಇಪ್ಪತ್ತೊಂದು ತಲೆಮಾರು

ನಮ್ಮ ಭಾವನವರ ತಂದೆಯ ಶ್ರಾದ್ಧದ ದಿನ ಪುರೋಹಿತರು ಮೂರು ತಲೆಮಾರಿನ ಹೆಸರು ಕೇಳಿದರು. ತಂದೆಯದು ಬಂತು, ತಾತನದೂ ಬಂತು. ಮುತ್ತಾತನ ಹತ್ತಿರ ಬಂದು ಬಂಡಿ ನಿಂತಿತು. ಭಾವ ಪವಿತ್ರದ ಬೆರಳಲ್ಲೇ ತಲೆ ಕೆರೆದುಕೊಂಡರು. ಕೊನೆಗೆ ಅಕ್ಕನ ಅತ್ತೆ ಒಳಗಿನಿಂದ ಹೆಸರು ಕೂಗಿ ಹೇಳಿ ಪಿತೃಗಳ ಮಾನ ಉಳಿಸಿದರು. ಅದೇ ಮಧ್ಯಾಹ್ನ ಊಟ ಮುಗಿದ ಮೇಲೆ ಭಾವ ಗೋಡೆಗೊರಗಿ ಕೂತು ಕಾಮಿಕ್ಸ್ ನಾಯಕ ಫ್ಯಾಂಟಮ್ಮನ ವಂಶಾವಳಿ ಬಿಚ್ಚಿದರು. ಮೊದಲನೆಯವನು 1536ರಲ್ಲಿ ಕಡಲ್ಗಳ್ಳರಿಂದ ಪಾರಾಗಿ ದಡ ಸೇರಿದವನು, ಅಪ್ಪನನ್ನು ಕೊಂದವನ ತಲೆಬುರುಡೆ ಹಿಡಿದು ಆಣೆ ಮಾಡಿದವನು. ಅಲ್ಲಿಂದ ಹಿಡಿದು ಈಗಿನ ಇಪ್ಪತ್ತೊಂದನೆಯವನವರೆಗೆ ಎಲ್ಲೂ ತಡವರಿಸಲಿಲ್ಲ. ಪುರೋಹಿತರು ದಕ್ಷಿಣೆ ಎಣಿಸುವುದನ್ನೂ ಬಿಟ್ಟು ಕೇಳಿದರು. ಹೋಗುವಾಗ ಮೆಟ್ಟಿಲ ಮೇಲೆ ನಿಂತು, "ಅವರದು ಯಾವ ಗೋತ್ರ?" ಅಂದರು. ತಮಾಷೆಗೆ ಅಂದರೋ ನಿಜಕ್ಕೂ ಕೇಳಿದರೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಇಂಥವರು ನಿಮ್ಮಲ್ಲೂ ಒಬ್ಬರು ಇದ್ದೇ ಇರುತ್ತಾರೆ. ನಿಮಗೆ ಚಿಕ್ಕಪ್ಪನಾಗಿರಬಹುದು, ಆಫೀಸಿನ ಹೆಡ್ ಕ್ಲಾರ್ಕ್ ಆಗಿರಬಹುದು. ನಮ್ಮವರು ಬ್ಯಾಂಕ್ ಮ್ಯಾನೇಜರು. ವಯಸ್ಸು ಐವತ್ತು ದಾಟಿದೆ, ಸಕ್ಕರೆ ಕಾಯಿಲೆ ಇದೆ, ಬೀಗದ ಕೈ ಗೊಂಚಲಿನಲ್ಲಿ ಬಾವಲಿಯ ಗುರುತಿದೆ. ಮನುಷ್ಯ ಹಾರುವುದನ್ನು ಅವರು ಒಂದು ದಿನವೂ ಪ್ರಶ್ನಿಸಿದವರಲ್ಲ. ಜೇಡ ಕಚ್ಚಿದ ಹುಡುಗ ಗೋಡೆ ಹತ್ತಿದರೆ ಅದು ಸಹಜ. ಅವರ ತಕರಾರು ಏನಿದ್ದರೂ ಬಟ್ಟೆಯದು.

"ಪ್ಯಾಂಟಿನ ಮೇಲೆ ಚಡ್ಡಿ ಹಾಕಿದ್ದು ಸೂಪರ್‌ಮ್ಯಾನ್ ಅಲ್ಲ ಕಣಯ್ಯ, ಫ್ಯಾಂಟಮ್. 1936ರ ಫೆಬ್ರವರಿ. ಸೂಪರ್‌ಮ್ಯಾನ್ ಬಂದಿದ್ದು 1938ರಲ್ಲಿ. ಸೀನಿಯಾರಿಟಿ ಅಂದ್ರೆ ಸೀನಿಯಾರಿಟಿ!"

ಬಡ್ತಿಯ ಪಟ್ಟಿ ಓದುವ ದನಿಯಲ್ಲೇ ಇದನ್ನು ಹೇಳುತ್ತಾರೆ. 2011ರಲ್ಲಿ ಕಾಮಿಕ್ಸಿನವರು ಸೂಪರ್‌ಮ್ಯಾನನ ಕೆಂಪು ಚಡ್ಡಿಯನ್ನು ತೆಗೆದುಹಾಕಿದಾಗ ಭಾವ ಅವನ ಜೊತೆ ಮಾತು ಬಿಟ್ಟರು. 2018ರಲ್ಲಿ, 'ಆಕ್ಷನ್ ಕಾಮಿಕ್ಸ್'ನ ಸಾವಿರದ ಸಂಚಿಕೆಗೆ, ಚಡ್ಡಿ ವಾಪಸ್ ಬಂತು. ಏಳು ವರ್ಷದ ಮುನಿಸು ಅವತ್ತು ಮುಗಿಯಿತು. ಮನೆಗೆ ಮೈಸೂರುಪಾಕು ಬಂತು. ಕಾರಣ ತಿಳಿದ ಅಕ್ಕನ ಅತ್ತೆ ಒಂದು ಚೂರು ಬಾಯಿಗೆ ಹಾಕಿಕೊಂಡು, "ಇಷ್ಟು ದಿನ ಒಳಗಡೆ ಹಾಕ್ಕೊಂಡಿದ್ನೇನೋ ಬಿಡೋ, ಪಾಪ" ಎಂದರು. ಈ ವಿಷಯದಲ್ಲಿ ಇದಕ್ಕಿಂತ ಸಮಂಜಸವಾದ ಮಾತನ್ನು ನಾನು ಕೇಳಿಲ್ಲ.

ಅಕ್ಕನ ಮದುವೆಯಾದದ್ದೂ ಒಬ್ಬ ಸೂಪರ್‌ಹೀರೋನಿಂದಲೇ. 2000ದ ಇಸವಿ, ಒಂದು ಭಾನುವಾರ. ಭಾವ ಹೆಣ್ಣು ನೋಡಲು ನಮ್ಮ ಮನೆಗೆ ಬಂದಿದ್ದರು. ಕೇಸರಿಬಾತು ಮುಟ್ಟಲಿಲ್ಲ, ಹುಡುಗಿಯ ಕಡೆ ಸರಿಯಾಗಿ ನೋಡಲೂ ಇಲ್ಲ, ನಿಮಿಷಕ್ಕೊಮ್ಮೆ ಕೈಗಡಿಯಾರ ನೋಡುತ್ತಿದ್ದರು. ಭಾನುವಾರ ಹನ್ನೆರಡಕ್ಕೆ ಯಮಗಂಡಕಾಲ ಶುರು. "ಈ ಕಾಲದ ಹುಡುಗರಲ್ಲಿ ಇಷ್ಟು ಸಂಸ್ಕಾರ ಎಲ್ಲಿ ಸಿಗುತ್ತೆ?" ಎಂದು ನಮ್ಮಪ್ಪ ಅಲ್ಲೇ ಮನಸ್ಸಿನಲ್ಲಿ ಒಪ್ಪಿಗೆ ಕೊಟ್ಟುಬಿಟ್ಟರು. ದೂರದರ್ಶನದಲ್ಲಿ ಹನ್ನೆರಡಕ್ಕೆ ಶುರುವಾಗುತ್ತಿದ್ದುದು 'ಶಕ್ತಿಮಾನ್' ಎಂಬುದು ಮದುವೆಯಾದ ಮೊದಲ ಭಾನುವಾರವೇ ಗೊತ್ತಾಯಿತು. ವಠಾರದ ಆರು ಮಕ್ಕಳ ನಡುವೆ ಮೂವತ್ತು ವರ್ಷದ ಅಳಿಯ ಚಾಪೆ ಮೇಲೆ ಕೂತು, ಅದರ ನಾಯಕ ಪಂಡಿತ ಗಂಗಾಧರ ವಿದ್ಯಾಧರ ಮಾಯಾಧರ ಓಂಕಾರನಾಥ ಶಾಸ್ತ್ರಿಗಳ ಹೆಸರನ್ನು ಒಂದೇ ಉಸಿರಿಗೆ ಹೇಳುತ್ತಿದ್ದರಂತೆ. ಬ್ಯಾಂಕಿನಲ್ಲಿ ಅವರ ಹಿಂದಿಗೆ ಒಳ್ಳೆಯ ಹೆಸರಿದೆ. ಅದು ಶಕ್ತಿಮಾನ್ ಆಗಿದ್ದ ಮುಕೇಶ್ ಖನ್ನಾ ಕಲಿಸಿದ ಹಿಂದಿ. ಸಾಲಗಾರರನ್ನು ಕರೆದು ಸತ್ಯದ ದಾರಿ ಬೋಧಿಸುವಾಗ ಕೇಳಬೇಕು.

ಭಾವನ ಜೀವನದಲ್ಲಿ ದುರಂತವೂ ಇದೆ. ಅದರ ಹೆಸರು ರದ್ದಿ. 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ಬರುತ್ತಿತ್ತು. ಅದು ಹುಟ್ಟುವಾಗ ಅದನ್ನು ಹೊರತಂದ ಪತ್ರಿಕಾ ಸಂಸ್ಥೆಯ ಒಳಗಿದ್ದು ದುಡಿದವರು ನಮ್ಮ ಕಾರ್ಕಳದ ಅನಂತ ಪೈ. ಅಮರ ಚಿತ್ರಕಥೆ ಕಟ್ಟಿದ ಅಂಕಲ್ ಪೈ ಅವರೇ. ಅಂದರೆ ಫ್ಯಾಂಟಮ್ಮನ ಡೆಂಕಾಲಿಯ ಕಾಡಿಗೂ ಕಾರ್ಕಳಕ್ಕೂ ಬಾದರಾಯಣ ಸಂಬಂಧವಲ್ಲ, ನಿಜವಾದ ಸಂಬಂಧವೇ ಇದೆ ಎಂಬುದು ಭಾವನ ವಾದ. ತಿಂಡಿ ಕಾಸು ಉಳಿಸಿ ಕೂಡಿಸಿದ ಒಂದು ಟ್ರಂಕು ಇಂದ್ರಜಾಲ ಅವರಲ್ಲಿತ್ತು. ಕೆಲಸ ಸಿಕ್ಕಿ ಬ್ಯಾಂಕಿನ ತರಬೇತಿಗೆ ಹೋಗಿ ಬರುವಷ್ಟರಲ್ಲಿ ಟ್ರಂಕಿನಲ್ಲಿ ಹಪ್ಪಳ ಇತ್ತು. ರದ್ದಿಯವನು ಕೊಟ್ಟ ದುಡ್ಡಿನಲ್ಲಿ ಅವರಮ್ಮ ಒಂದು ಸ್ಟೀಲ್ ಸೌಟು ಕೊಂಡಿದ್ದರು. ಅವತ್ತಿನಿಂದ ಹುಳಿ ಬಡಿಸುವಾಗ ಭಾವ ತಟ್ಟೆ ನೋಡುವುದಿಲ್ಲ, ಸೌಟು ನೋಡುತ್ತಾರೆ.

2024ರಲ್ಲಿ 'ಆಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯ ಒಂದು ಪ್ರತಿ ಹರಾಜಿನಲ್ಲಿ 60 ಲಕ್ಷ ಡಾಲರಿಗೆ ಹೋಯಿತು. ಮುಖಬೆಲೆ 10 ಸೆಂಟ್. ಭಾವ ಪೇಪರು ಹಿಡಿದು ಅಡುಗೆಮನೆಗೆ ನುಗ್ಗಿದರು. "ಐವತ್ತು ಕೋಟಿ ಅಮ್ಮಾ! ಯಾಕೆ ಗೊತ್ತಾ? ಅಮೆರಿಕದಲ್ಲೂ ನಿನ್ನಂಥ ತಾಯಂದಿರೇ ಇದ್ರು. ಯುದ್ಧದ ಕಾಲದಲ್ಲಿ ಮಿಕ್ಕಿದ್ದನ್ನೆಲ್ಲ ರದ್ದಿಗೆ ಹಾಕಿದ್ರು, ಅದಕ್ಕೇ ಉಳಿದಿದ್ದಕ್ಕೆ ಈ ಬೆಲೆ!" ತಾಯಿ ಒಗ್ಗರಣೆಯಿಂದ ತಲೆಯೆತ್ತದೆ, "ಹಾಗಾದ್ರೆ ಬೆಲೆ ಬಂದಿದ್ದು ನಮ್ಮಿಂದ್ಲೇ ಅನ್ನು" ಎಂದರು.

ನ್ಯಾಯವಾಗಿ ಹೇಳಬೇಕೆಂದರೆ, ಭಾವನ ಬುದ್ಧಿ ಚಡ್ಡಿಯಲ್ಲೇ ನಿಂತಿಲ್ಲ. ಸೂಪರ್‌ಮ್ಯಾನನನ್ನು ಸೃಷ್ಟಿಸಿದ ಜೆರ್ರಿ ಸೀಗೆಲ್, ಜೋ ಶುಸ್ಟರ್ ಎಂಬ ಇಬ್ಬರು ಹುಡುಗರು 130 ಡಾಲರಿಗೆ ಅವನನ್ನು ಬರೆದುಕೊಟ್ಟರಲ್ಲ, ಆ ಕತೆ ಹೇಳುವಾಗ ಅವರ ಗಂಟಲು ಕಟ್ಟುತ್ತದೆ. ಕಂಪನಿ ಕೋಟಿ ಕೋಟಿ ಬಾಚಿತು. ಇವರಿಗೆ ವಾರ್ಷಿಕ ಪಿಂಚಣಿ ಅಂತ ಸಿಕ್ಕಿದ್ದು 1975ರಲ್ಲಿ. "ವಿಲನ್ನು ಲೆಕ್ಸ್ ಲೂಥರ್ ಅಲ್ಲ ಕಣಯ್ಯ, ಅಗ್ರಿಮೆಂಟು. ಓದದೇ ಸೈನ್ ಹಾಕಬೇಡ" ಎನ್ನುತ್ತಾರೆ. ಅವರ ಬ್ರಾಂಚಿನಲ್ಲಿ ಮನೆಸಾಲದ ಕಾಗದಕ್ಕೆ ಮೂವತ್ತೆಂಟು ಕಡೆ ಸೈನ್ ಹಾಕಿದ ನನಗೆ ಆಗ ಯಾರೂ ಈ ಮಾತು ಹೇಳಿರಲಿಲ್ಲ.

ಈಗ ಕಾಲ ಯೂಟ್ಯೂಬಿನದು. ಟ್ರೇಲರು ಎರಡು ನಿಮಿಷ; ಅದರಲ್ಲಿ ಏನೇನು ಅಡಗಿದೆ ಎಂದು ವಿವರಿಸುವ ವಿಡಿಯೊ ನಲವತ್ತು ನಿಮಿಷ. ಭಾವ ಎರಡನೆಯದನ್ನು ಮೂರು ಸಲ ನೋಡುತ್ತಾರೆ. ಇಷ್ಟೆಲ್ಲ ಅಧ್ಯಯನ ಮುಗಿಸಿ ಚಿತ್ರಮಂದಿರದಲ್ಲಿ ಎಸಿ ಗಾಳಿ ತಾಗುತ್ತಲೇ ನಿದ್ದೆ ಹೋಗುತ್ತಾರೆ. 'ಅವೆಂಜರ್ಸ್: ಎಂಡ್‌ಗೇಮ್' ಮೂರು ಗಂಟೆ ಒಂದು ನಿಮಿಷದ್ದು, ಅವರು ಎಚ್ಚರವಿದ್ದದ್ದು ಆ ಒಂದು ನಿಮಿಷ. ಹೆಸರುಗಳೆಲ್ಲ ಉರುಳಿದ ಮೇಲೆ ಇನ್ನೊಂದು ದೃಶ್ಯ ಬಂದೇ ಬರುತ್ತದೆಂದು ನಮ್ಮನ್ನೂ ಕೂರಿಸಿದರು. ಪೊರಕೆ ಹಿಡಿದ ಹುಡುಗ ಬಾಗಿಲಲ್ಲಿ ಕಾಯುತ್ತಿದ್ದ. ದೃಶ್ಯ ಬರಲಿಲ್ಲ, ಕಬ್ಬಿಣ ಬಡಿದ ಠಣ್ ಠಣ್ ಸದ್ದು ಮಾತ್ರ ಬಂತು. "ಟೋನಿ ಸ್ಟಾರ್ಕ್ ಗುಹೆಯಲ್ಲಿ ಮೊದಲ ಕವಚ ಬಡಿದ ಸದ್ದು ಅದು!" ಎಂದು ಭಾವ ಕಣ್ಣೊರೆಸಿಕೊಂಡರು. ಹುಡುಗ, "ಎಸಿ ರಿಪೇರಿ ಅಂದ್ಕೊಂಡೆ ಸಾರ್" ಎಂದ.

2023ರ ಸ್ಪೈಡರ್‌ಮ್ಯಾನ್ ಕಾರ್ಟೂನು ಚಿತ್ರ ಇಂಗ್ಲಿಷೂ ಸೇರಿ ಹತ್ತು ಭಾಷೆಗಳಲ್ಲಿ ಬಂತು, ಕನ್ನಡವೂ ಅದರಲ್ಲೊಂದು. ಭಾವ ಹಬ್ಬಕ್ಕೆ ಹೊರಟಂತೆ ತಾಯಿಯನ್ನೂ ಹೊರಡಿಸಿದರು. ಅದರಲ್ಲಿ ಪವಿತ್ರ್ ಪ್ರಭಾಕರ್ ಎಂಬ ನಮ್ಮ ದೇಶದ ಸ್ಪೈಡರ್‌ಮ್ಯಾನ್ ಇದ್ದಾನೆ. 2004ರ ಕಾಮಿಕ್ಸಿನಲ್ಲೇ ಪಂಚೆ ಉಟ್ಟು ಹುಟ್ಟಿದವನು. ದಾರಿಯುದ್ದಕ್ಕೂ ಅವನ ಪ್ರವರ ಕೇಳಿದ ಅಕ್ಕನ ಅತ್ತೆ, "ಗೋಡೆ ಹತ್ತೋವಾಗ ಕಚ್ಚೆ ಬಿಚ್ಚಲ್ವೇನೋ?" ಎಂದರು. ಭಾವನ ಬಳಿ ಅದಕ್ಕೆ ಉತ್ತರವಿರಲಿಲ್ಲ. ನಲವತ್ತು ನಿಮಿಷದ ಯಾವ ವಿಡಿಯೊದಲ್ಲೂ ಇರಲಿಲ್ಲ.

ಆಮೇಲೆ ತಾವೇ ಒಂದು ಚಾನೆಲ್ ಮಾಡಿದರು. ಮೊದಲ ಕಂತು ಫ್ಯಾಂಟಮ್ಮನ ಉಂಗುರದ ಮೇಲೆ. ಅವರು "ಆ ಬುರುಡೆಯ ಗುರುತು" ಎನ್ನುವ ಹೊತ್ತಿಗೆ ಸರಿಯಾಗಿ ಕುಕ್ಕರ್ ಕೂಗುತ್ತದೆ. ಚಂದಾದಾರರು ನಲವತ್ತೊಂದು ಜನ ಆದರು. ಹೋದ ತಿಂಗಳು ಭಾವನಿಗೆ ಬೇರೆ ಬ್ರಾಂಚಿಗೆ ವರ್ಗವಾಯಿತು. ಈಗ ಹನ್ನೊಂದು ಜನ ಉಳಿದಿದ್ದೇವೆ.

ನಿಮ್ಮ ಅಟ್ಟದ ಮೇಲೆ ಕನ್ನಡದ ಇಂದ್ರಜಾಲ ಕಾಮಿಕ್ಸ್ ಇನ್ನೂ ಉಳಿದಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಹಾಗೆಯೇ ಅದು ನಿಮ್ಮಲ್ಲಿದೆ ಎಂದು ನಮ್ಮ ಭಾವನ ಕಿವಿಗೂ ಹಾಕಬೇಡಿ. ಟ್ರಂಕಿನಲ್ಲಿ ಈ ವರ್ಷವೂ ಹಪ್ಪಳ ತುಂಬಿದ್ದಾಗಿದೆ ಎಂದು ಅಕ್ಕ ಹೇಳಿಕಳಿಸಿದ್ದಾಳೆ.